ಕಡಿವಾಣದ ಮೂರು ನಿಮಿಷ

ಕಡಿವಾಣ ಬಂದ ಮೇಲೆ ಕೋಟೆಹಾಳ ನಗರದ ಪೊಲೀಸರು ಯಾರನ್ನೂ ಬೆನ್ನಟ್ಟುವುದನ್ನು ಬಿಟ್ಟಿದ್ದರು. ರಸ್ತೆಯ ಮೇಲೆ ಓಡುವ ಪ್ರತಿಯೊಂದು ಮೋಟಾರು ವಾಹನದ ಹೊಟ್ಟೆಯಲ್ಲೂ ಬೆಂಕಿಪೊಟ್ಟಣದ ಗಾತ್ರದ ಕರಿ ಪೆಟ್ಟಿಗೆ ಇರಲೇಬೇಕೆಂಬ ಕಾನೂನು ಬಂದು ಮೂರು ವರ್ಷವಾಗಿತ್ತು. ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಗಾಡಿಯ ನಂಬರು ಹಾಕಿ ಗುಂಡಿ ಒತ್ತಿದರೆ ಸಾಕು, ಆ ಪೆಟ್ಟಿಗೆ ಎಂಜಿನ್ನಿನ ಕಸುವನ್ನು ಮೆಲ್ಲಗೆ ಇಳಿಸುತ್ತಿತ್ತು. ಹಿಂದಿನ ದೀಪಗಳು ತಾವಾಗಿಯೇ ಮಿನುಗುತ್ತಿದ್ದವು. ಓಡಿಸುವವನು ಗಾಡಿಯನ್ನು ಬದಿಗೆ ತರುವಷ್ಟು ಸಮಯ ಕೊಟ್ಟು, ನಲವತ್ತು ಸೆಕೆಂಡಿನೊಳಗೆ ಗಾಡಿ ನಿಂತುಬಿಡುತ್ತಿತ್ತು. ಒಳಗಿದ್ದವರು ಇಳಿದು ಓಡಿಹೋಗದಂತೆ ಬಾಗಿಲುಗಳು ಬೀಗ ಹಾಕಿಕೊಳ್ಳುತ್ತಿದ್ದವು.

ಇದರಿಂದ ಊರಿನ ಜನ ತಮ್ಮ ನಡವಳಿಕೆಯನ್ನು ಸ್ವಲ್ಪ ಬದಲಾಯಿಸಿಕೊಂಡರು. ಕಳ್ಳರು ಸೈಕಲ್ಲಿಗೆ ಮರಳಿದರು. ಓಣಿಯ ಮಕ್ಕಳು ಮುಟ್ಟಾಟ ಬಿಟ್ಟು "ಕಡಿವಾಣ" ಎಂಬ ಆಟ ಹುಟ್ಟಿಸಿಕೊಂಡರು. ಒಬ್ಬರು ಕೂಗಿದರೆ ಉಳಿದವರೆಲ್ಲ ಇದ್ದಲ್ಲೇ ಕಲ್ಲಾಗಬೇಕು. ಕಸ್ತೂರಿ ಬಡಿಗೇರ ಕೆಲಸ ಮುಗಿಸಿ ಮನೆಗೆ ಬರುವಾಗ ಆ ಮಕ್ಕಳು ಅವಳನ್ನು ಕಂಡು ಬೇಕಂತಲೇ ನಿಂತು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಕಸ್ತೂರಿ ಹೆಡ್ ಕಾನ್‌ಸ್ಟೇಬಲ್. ನಲವತ್ತೊಂದು ವರ್ಷ. ನಿಯಂತ್ರಣ ಕೊಠಡಿಯ ಮೂರನೇ ಮೇಜು ಅವಳದು. ಆ ಮೇಜಿನಿಂದ ಅವಳು ಈವರೆಗೆ ಇನ್ನೂರ ಹನ್ನೆರಡು ಗಾಡಿಗಳನ್ನು ನಿಲ್ಲಿಸಿದ್ದಳು. ಮೊದಲನೆಯದು, ಶಾಲೆಯ ಮುಂದೆ ಒಬ್ಬ ಅಜ್ಜಿಗೆ ಗುದ್ದಿ ಪರಾರಿಯಾಗುತ್ತಿದ್ದ ಲಾರಿ. ಅದು ನಿಂತಾಗ ಅವಳ ಮೈಯೆಲ್ಲ ಜುಮ್ಮೆಂದಿತ್ತು. ಇಪ್ಪತ್ತು ವರ್ಷ ಠಾಣೆಯಲ್ಲಿ ಚಹಾ ತರಿಸುವ, ಹೆಂಗಸರ ಗಲಾಟೆ ಬಿಡಿಸುವ ಕೆಲಸ ಮಾಡಿದವಳಿಗೆ ಕೂತಲ್ಲಿಂದಲೇ ಹತ್ತು ಗಾಲಿಯ ಲಾರಿ ನಿಲ್ಲಿಸುವುದೆಂದರೆ ಸಣ್ಣ ಮಾತಲ್ಲ.

ಎರಡು ನಿಯಮಗಳು ಅವಳಿಗೆ ಬಾಯಿಪಾಠವಾಗಿದ್ದವು. ನಂಬರು ತಪ್ಪಾಗಿ ಬೇರೆಯವರ ಗಾಡಿ ನಿಂತರೆ, ಮೊದಲ ಮೂರು ನಿಮಿಷದೊಳಗೆ ಮೇಜಿನವರೇ ಅದನ್ನು ಬಿಡಬಹುದು, ಯಾರನ್ನೂ ಕೇಳಬೇಕಿಲ್ಲ. ಆಮೇಲೆ ಬಿಡಲು ಇನ್‌ಸ್ಪೆಕ್ಟರರ ಗುಪ್ತ ಸಂಖ್ಯೆ ಬೇಕು. ಎರಡನೆಯದು, ಗಾಡಿ ನಿಂತ ಕೂಡಲೇ ಅದರ ಮಾಲೀಕರ ಫೋನಿಗೆ ನಿಂತ ಜಾಗದ ಗುರುತಿನ ಸಮೇತ ತಾನಾಗಿಯೇ ಸಂದೇಶ ಹೋಗುತ್ತದೆ. ಕಳುವಾದ ಗಾಡಿಯವರು ಬೇಗ ಬಂದು ತಗೊಂಡು ಹೋಗಲಿ ಎಂದು ಮಾಡಿದ ಅನುಕೂಲ ಅದು. ಹಾಗೆ ತನ್ನ ಪಿಕಪ್ ಸಿಕ್ಕಿದ ತರಕಾರಿ ವ್ಯಾಪಾರಿಯೊಬ್ಬ ಪೇಢೆ ಹಿಡಿದುಕೊಂಡು ಕೊಠಡಿಯವರೆಗೂ ಬಂದಿದ್ದ.

ಆಷಾಢದ ಒಂದು ಮಂಗಳವಾರ, ಹದಿನಾರನೇ ತಾರೀಖು, ಮಧ್ಯಾಹ್ನ ಎರಡು ನಲವತ್ತಕ್ಕೆ ಇನ್‌ಸ್ಪೆಕ್ಟರ್ ಹಂಪಣ್ಣವರ ಎಂಬವರು ಕಿವಿಗೆ ಫೋನು ಹಿಡಿದುಕೊಂಡೇ ಅವಳ ಮೇಜಿನ ಹತ್ತಿರ ಬಂದರು.

"ಕಸ್ತೂರಿ, ಒಂದ ನಂಬರ್ ಹೇಳ್ತೀನಿ, ಹಾಕ್ರಿ. ದಾಲ್ ಮಿಲ್ಲಿನ ಶಂಕ್ರಗೌಡ್ರ ಕಾರು. ಅವರ ಮಗಳನ್ನ ಯಾವನೋ ಹಾರಿಸ್ಕೊಂಡ ಹೊಂಟಾನ."

"ಕಂಪ್ಲೇಂಟ್ ಬಂದೈತೇನ್ರೀ ಸರ?"

"ಬರ್ತೈತಿ. ಗೌಡ್ರ ಲೈನಿನ ಮ್ಯಾಲೆ ಅದಾರ. ಮೊದ್ಲ ನಿಂದ್ರಸ್ರಿ, ಕಾಗದ ಆಮ್ಯಾಲ ನೋಡೂಣು."

ಅವಳು ನಂಬರು ಹಾಕಿದಳು. ನಕ್ಷೆಯಲ್ಲಿ ಒಂದು ಬಿಳಿ ಚುಕ್ಕೆ ಪಕ್ಕದ ಜಿಲ್ಲೆಯ ಕಡೆ ಹೋಗುತ್ತಿತ್ತು. ವೇಗ ಗಂಟೆಗೆ ಐವತ್ತೆಂಟು. ರಸ್ತೆಯ ಕ್ಯಾಮೆರಾದಲ್ಲಿ ನೋಡಿದರೆ ಮುಂದೆ ಕುರಿಹಿಂಡೊಂದು ಅಡ್ಡ ಬಂದಿತ್ತು. ಕಾರು ನಿಂತು, ಹಿಂಡು ದಾಟುವವರೆಗೆ ಕಾದು, ಬಲಕ್ಕೆ ಇಂಡಿಕೇಟರ್ ಹಾಕಿ ಟ್ರ್ಯಾಕ್ಟರೊಂದನ್ನು ಹಿಂದಿಕ್ಕಿತು. ಅಪಹರಣ ಮಾಡಿದವರು ಇಂಡಿಕೇಟರ್ ಹಾಕುವುದನ್ನು ಕಸ್ತೂರಿ ಇನ್ನೂರ ಹನ್ನೆರಡರಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಹೇಳಬೇಕೆಂದು ತಲೆ ಎತ್ತಿದಳು. ಇನ್‌ಸ್ಪೆಕ್ಟರರು ಫೋನಿನಲ್ಲಿ, "ಹೌದ್ರಿ ಗೌಡ್ರ, ಈಗ ನಿಂದರ್ತೈತಿ, ಈಗ" ಎನ್ನುತ್ತಿದ್ದರು. ತೆರೆಯ ಮೇಲೆ "ಕಾರಣ" ಎಂಬ ಕಡೆ ಐದು ಆಯ್ಕೆಗಳಿದ್ದವು. ಕಸ್ತೂರಿ "ಅಪಹರಣ" ಎಂಬುದನ್ನು ಆರಿಸಿ ಗುಂಡಿ ಒತ್ತಿದಳು.

ಹೆಸರುಕಾಳು ಬಿತ್ತಿದ ಹೊಲದ ಪಕ್ಕ, ಒಂದು ಸಣ್ಣ ಸೇತುವೆ ದಾಟಿದ ಮೇಲೆ ಕಾರು ನಿಂತಿತು. ಕಾರಿನೊಳಗಿನ ಮೈಕು ತೆರೆದುಕೊಂಡಿತು. ಕಸ್ತೂರಿ ಪ್ರತಿ ಸಲ ಹೇಳುವಂತೆ ಹೇಳಿದಳು: "ಇದು ಪೊಲೀಸ್ ನಿಯಂತ್ರಣ ಕೊಠಡಿ. ನಿಮ್ಮ ವಾಹನವನ್ನು ನಿಲ್ಲಿಸಲಾಗಿದೆ. ಗಾಬರಿಯಾಗಬೇಡಿ. ಬಾಗಿಲು ತೆರೆಯಲು ಪ್ರಯತ್ನಿಸಬೇಡಿ."

ಆಮೇಲೆ ಹುಡುಗಿಯ ದನಿ ಬಂತು. "ಯಾಕ್ರಿ ಮೇಡಂ? ನಾನೇನ ತಪ್ಪ ಮಾಡೀನಿ?"

"ಗಾಡಿ ಯಾರು ಓಡಸಾಕತ್ತಾರ?"

"ನಾನಾ ಓಡಸಾಕತ್ತೀನ್ರಿ. ಸುಮಂಗಲಾ ಅಂತ. ಇಪ್ಪತ್ನಾಲ್ಕ ವರ್ಷ ನನಗ. ಬಾಜೂಕ ಹುಲಗೇಶ ಕುಂತಾನ. ನಾವು ರಿಜಿಸ್ಟ್ರಾರ್ ಆಫೀಸಿಗೆ ಹೊಂಟೀವಿ. ನೋಟೀಸ್ ಕೊಟ್ಟು ತಿಂಗಳ ಮುಗದೈತಿ, ಇವತ್ತ ಸಹಿ ಮಾಡೂದೈತ್ರಿ."

ಗಾಡಿ ನಿಂತು ನಲವತ್ತು ಸೆಕೆಂಡಾಯಿತೆಂದು ತೆರೆಯ ಗಡಿಯಾರ ತೋರಿಸುತ್ತಿತ್ತು. ಕಸ್ತೂರಿ ಹಂಪಣ್ಣವರ ಕಡೆ ತಿರುಗಿದಳು. "ಸರ, ಹುಡುಗೀನ ಓಡಸಾಕತ್ತಾಳ್ರಿ. ಖುಷೀಲೆ ಹೊಂಟಾಳ. ಬಿಡಲೇನ್ರಿ?"

ಅವರು ಫೋನಿನಿಂದ ಬಾಯಿ ತೆಗೆಯದೆ, ತಾಳು ಎನ್ನುವಂತೆ ಅಂಗೈ ತೋರಿಸಿದರು.

"ಮೇಡಂ," ಮೈಕಿನಲ್ಲಿ ಹುಡುಗಿಯ ದನಿ ಬದಲಾಗಿತ್ತು, "ನಮ್ಮಪ್ಪಗ ಹೇಳಬ್ಯಾಡ್ರಿ. ಎಲ್ಲೆದೀವಿ ಅಂತ ಅಷ್ಟ ಹೇಳಬ್ಯಾಡ್ರಿ. ನಮ್ಮ ಕಾಕಾ ಜೀಪ್ ತಗೊಂಡ ಹುಡಕಾಕತ್ತಾನ."

ಕಸ್ತೂರಿ ತೆರೆಯ ಮೂಲೆ ನೋಡಿದಳು. ಕಾರು ಶಂಕ್ರಗೌಡರ ಹೆಸರಿನಲ್ಲಿತ್ತು. ಸಂದೇಶ ಆಗಲೇ ಹೋಗಿ ಮುಟ್ಟಿತ್ತು. ಹತ್ತಿರದ ಪೊಲೀಸ್ ಜೀಪು ಹದಿನೆಂಟು ಕಿಲೋಮೀಟರು ದೂರದಲ್ಲಿತ್ತು.

ಒಂದು ನಿಮಿಷ ಐವತ್ತು ಸೆಕೆಂಡು. ಬಿಡುವ ಗುಂಡಿಯ ಮೇಲೆ ಅವಳ ಬೆರಳಿತ್ತು. ಒತ್ತಿದ್ದರೆ ಯಾರೂ ತಡೆಯುವಂತಿರಲಿಲ್ಲ. ಅವಳು ಒತ್ತಲಿಲ್ಲ. ಹಂಪಣ್ಣವರ ಮುಖವನ್ನೇ ನೋಡುತ್ತ ಕುಳಿತಳು.

"ಅಕ್ಕಾ, ಬಾಗಲಾನಾರ ತಗೀರಿ. ಹೊಲದಾಗ ಓಡಿ ಹೊಕ್ಕೇವಿ. ಅಕ್ಕಾ, ಕೇಳಸಾಕತ್ತೈತೇನ್ರಿ?"

ಮೂರು ನಿಮಿಷ ಮುಗಿಯಿತು. ಗುಂಡಿ ಬೂದುಬಣ್ಣಕ್ಕೆ ತಿರುಗಿತು.

ಆರನೆಯ ನಿಮಿಷಕ್ಕೆ ಜೀಪೊಂದು ಬಂದು ನಿಂತ ಸದ್ದು ಕೇಳಿಸಿತು. ಅದು ಪೊಲೀಸರ ಜೀಪಲ್ಲ. ಗಾಜು ಒಡೆಯಿತು. ಗಂಡಸಿನ ಬೈಗುಳ, ಆಮೇಲೆ ಹೊಡೆತ, ಆಮೇಲೆ ಹುಡುಗಿಯ ಕೂಗು. ಕೊಠಡಿಯ ಉಳಿದ ಮೇಜುಗಳವರು ತಮ್ಮ ತಮ್ಮ ತೆರೆಗಳನ್ನು ನೋಡುತ್ತಿದ್ದರು. ಕಸ್ತೂರಿ ಹೆಡ್‌ಫೋನು ತೆಗೆಯಲಿಲ್ಲ. ತೆಗೆಯುವುದು ನಿಯಮಕ್ಕೆ ವಿರುದ್ಧ. ಕೈ ಚಾಚಿ ದನಿಯನ್ನು ಮಾತ್ರ ಕಡಿಮೆ ಮಾಡಿದಳು.

ಪೊಲೀಸ್ ಜೀಪು ತಲುಪುವ ಹೊತ್ತಿಗೆ ಸುಮಂಗಲಾಳನ್ನು ಮನೆಯವರು ಕರೆದುಕೊಂಡು ಹೋಗಿದ್ದರು. ಹುಲಗೇಶ ಸೇತುವೆಯ ಕೆಳಗೆ ಬಿದ್ದಿದ್ದ. ಜಿಲ್ಲೆಯ ರಕ್ತನಿಧಿಯಲ್ಲಿ ಅವನು ತಂತ್ರಜ್ಞ. ಸೂಜಿ ಚುಚ್ಚಿದ್ದೇ ತಿಳಿಯದಂತೆ ರಕ್ತ ತೆಗೆಯುತ್ತಿದ್ದ ಎಂದು ಆಮೇಲೆ ಪತ್ರಿಕೆಯವರು ಬರೆದರು. ಗೌಡರ ಕಡೆಯವರು ಅವನ ಎರಡೂ ಕೈಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದ್ದರು. ಅವನ ಜಾತಿಯವನು ತಮ್ಮ ಮನೆಯ ಹುಡುಗಿಯ ಕೈ ಹಿಡಿಯಬಾರದಿತ್ತು ಎಂಬುದು ಅವರ ವಾದವಾಗಿತ್ತು.

ಆದರೆ ಊರಿಗೆ ಮೊದಲು ತಲುಪಿದ ಸುದ್ದಿಯೇ ಬೇರೆ. "ಅಪಹೃತ ಯುವತಿ ಹನ್ನೊಂದು ನಿಮಿಷದಲ್ಲಿ ಪಾರು" ಎಂದು ಸ್ಥಳೀಯ ವಾಹಿನಿ ಮರುದಿನವಿಡೀ ಹೇಳಿತು. ಯುವಕನಿಗೆ "ತಪ್ಪಿಸಿಕೊಳ್ಳಲು ಹೋಗಿ ಗಾಯ"ಗಳಾಗಿದ್ದವು. ಒಂದು ವಾರಕ್ಕೆ ಕಸ್ತೂರಿಗೆ ಪ್ರಶಂಸಾಪತ್ರ ಬಂತು. ಅದನ್ನು ಕೊಡುವಾಗ ಮೇಲಧಿಕಾರಿ ಅವಳ ಕೈ ಕುಲುಕಿದರು. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ. ನಗು ಹೇಗೆ ಬಂತೆಂದು ಅವಳಿಗೇ ತಿಳಿಯದು. ಫೋಟೋದವನು ನಗ್ರಿ ಎಂದಿದ್ದ, ಅಷ್ಟೆ.

ಅವಳ ಗಂಡ ಮೌನೇಶ ಐಟಿಐಯಲ್ಲಿ ಬಡಗಿ ಕೆಲಸ ಕಲಿಸುತ್ತಿದ್ದ. ಪತ್ರಕ್ಕೆ ಸಾಗವಾನಿಯ ಚೌಕಟ್ಟು ಮಾಡಿ, ಹೊಳಪು ಕೊಟ್ಟು, ಪಡಸಾಲೆಯ ಗೋಡೆಗೆ ಮೊಳೆ ಹೊಡೆದ. ಮಗಳು ಸಹನಾ ಪಿಯುಸಿ ಎರಡನೇ ವರ್ಷದವಳು. ಫೋಟೋವನ್ನು ಗೆಳತಿಯರಿಗೆಲ್ಲ ಕಳಿಸಿದ್ದಳು.

"ಅವ್ವ, ನಮ್ಮ ಮೇಡಂ ನಿನ್ನ ಕಾಲೇಜಿಗೆ ಕರಸ್ತಾರಂತ. ಹೆಣ್ಮಕ್ಕಳ ಸುರಕ್ಷತೆ ಬಗ್ಗೆ ಮಾತಾಡಾಕ."

ಕಸ್ತೂರಿ ರೊಟ್ಟಿ ಮುರಿದಳು. "ನನಗ ಮಾತಾಡಾಕ ಬರೂದಿಲ್ಲ" ಎಂದಳು.

"ಮೈಕಿನಾಗ ದಿನಾ ಮಾತಾಡ್ತಿ ಅಲ್ಲ!" ಸಹನಾ ನಕ್ಕಳು.

ಕಡಿವಾಣದ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಪ್ರಣತಿ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದಳು. ಸಣ್ಣ ವಯಸ್ಸಿನ ಚುರುಕು ಹುಡುಗಿ. ಆ ತಿಂಗಳು ಬಂದಾಗ ಮೂರನೇ ಮೇಜಿನ ದಾಖಲೆ ನೋಡುತ್ತ ಅವಳು ಒಂದು ಸಾಲಿನ ಹತ್ತಿರ ತಡೆದಳು.

"ಕಸ್ತೂರಿ ಮೇಡಂ, ಈ ಹದಿನಾರನೇ ತಾರೀಖಿಂದು... ಇದರಲ್ಲಿ ಇಪ್ಪತ್ತು ನಿಮಿಷ ಧ್ವನಿ ಇದೆ. ಯಾರೂ ಕೇಳಿಲ್ಲ ಅಂತ ತೋರಿಸ್ತಿದೆ."

"ಯಾರಾದ್ರೂ ಕೇಳಬೇಕೇನ್ರಿ?"

"ಕಡ್ಡಾಯ ಏನಿಲ್ಲ. ಮೂವತ್ತು ದಿನ ಇರುತ್ತೆ. ಯಾರೂ ಕಾಯ್ದಿರಿಸಿ ಅಂತ ಗುರುತು ಮಾಡ್ದಿದ್ರೆ ತಾನಾಗೇ ಅಳಿಸಿಹೋಗುತ್ತೆ. ಗುರುತು ಮಾಡೋ ಹಕ್ಕು ಆ ದಿನ ಮೇಜಲ್ಲಿ ಇದ್ದೋರಿಗೆ ಮಾತ್ರ. ಅಂದ್ರೆ ನಿಮಗೆ." ಪ್ರಣತಿ ಅವಳ ಮುಖ ನೋಡಿದಳು. "ಇನ್ನು ಒಂಬತ್ತು ದಿನ ಇದೆ. ಮಾಡ್ಲಾ ಬೇಡ್ವಾ ಅನ್ನೋದು ನಿಮಗೆ ಬಿಟ್ಟಿದ್ದು."

ಹುಲಗೇಶನ ವಕೀಲರು ಅದೇ ಧ್ವನಿಗಾಗಿ ಇಲಾಖೆಗೆ ಅರ್ಜಿ ಹಾಕಿದ್ದರು. ಅಂಥ ದಾಖಲೆ ಲಭ್ಯವಿಲ್ಲ ಎಂದು ಉತ್ತರ ಹೋಗಿತ್ತು. ಆ ಉತ್ತರವನ್ನು ಟೈಪು ಮಾಡಿದವರು ಪಕ್ಕದ ಕೋಣೆಯವರೇ. ಕಸ್ತೂರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವಳು ನಾಲ್ಕು ದಿನ ಕೆಲಸಕ್ಕೆ ಬಂದು ಹೋದಳು. ಆ ನಾಲ್ಕು ದಿನದಲ್ಲಿ ಇನ್ನೂ ಎರಡು ಗಾಡಿ ನಿಲ್ಲಿಸಿದಳು. ಎರಡೂ ಕಳವಿನವೇ. ಆದರೂ "ಇದು ಪೊಲೀಸ್ ನಿಯಂತ್ರಣ ಕೊಠಡಿ" ಎನ್ನುವ ಮೊದಲು ಅವಳು ಬಿಡುವ ಗುಂಡಿ ಎಲ್ಲಿದೆಯೆಂದು ನೋಡಿಕೊಳ್ಳುತ್ತಿದ್ದಳು.

ಐದನೆಯ ದಿನ ರಜೆ ಹಾಕಿ, ಸೀರೆಯುಟ್ಟು ಆಸ್ಪತ್ರೆಗೆ ಹೋದಳು. ನೋಡಿ ಬಂದರೆ ಸಾಕು, ಮಾತಾಡುವುದು ಬೇಡ ಎಂದುಕೊಂಡಿದ್ದಳು. ಗಂಡಸರ ವಾರ್ಡಿನ ಕಿಟಕಿಯ ಹತ್ತಿರದ ಮಂಚದ ಮೇಲೆ ಹುಲಗೇಶ ಕೂತಿದ್ದ. ಮೊಣಕೈಯಿಂದ ಬೆರಳ ತುದಿಯವರೆಗೆ ಎರಡೂ ಕೈಗಳಿಗೆ ಪಟ್ಟಿ ಸುತ್ತಿತ್ತು. ಅವನ ಅಕ್ಕ ಯಂಕವ್ವ ಗಂಜಿಯನ್ನು ಚಮಚದಿಂದ ಕುಡಿಸುತ್ತಿದ್ದಳು.

"ಯಾರ್ರೀ?" ಎಂದಳು ಯಂಕವ್ವ.

"ಇಲ್ರಿ, ಸುಮ್ನ... ರಕ್ತನಿಧಿಗೆ ಬರ್ತಿದ್ದೆ, ಇವರ ಪರಿಚಯ ಇತ್ತು."

ಹುಲಗೇಶ ಚಮಚದಿಂದ ಬಾಯಿ ಸರಿಸಿ ಅವಳನ್ನು ನೋಡಿದ. "ನಿಮ್ಮ ದನಿ ನಾ ಕೇಳೀನಿ," ಎಂದ. "ಗಾಬರಿಯಾಗಬೇಡಿ ಅಂದ್ರಿ. ನೀವ ಅಲ್ರೀ?"

ಯಂಕವ್ವನ ಕೈ ಗಂಜಿಯ ಬಟ್ಟಲ ಮೇಲೆ ನಿಂತುಹೋಯಿತು. ಕಸ್ತೂರಿ ಹೌದೆಂದು ತಲೆಯಾಡಿಸಿದಳು.

"ಸುಮಂಗಲಾ ನಿಮ್ಮನ್ನ ಅಕ್ಕಾ ಅಂತ ಕರದ್ಲು. ನಾ ಆಕೀಗೆ ಹೇಳ್ದೆ, ಕರೀಬ್ಯಾಡ, ಮೈಕ್ ಬಂದ್ ಆಗೇತಿ, ಅವರಿಗೆ ಕೇಳಸೂದಿಲ್ಲ ಅಂತ." ಅವನು ಒಂದು ಉಸಿರು ಎಳೆದುಕೊಂಡ. "ಕೇಳಸ್ತಿತ್ತೇನ್ರಿ?"

"ಕೇಳಸ್ತಿತ್ತು."

ಅವನು ಕಿಟಕಿಯ ಕಡೆ ತಿರುಗಿದ. ಯಂಕವ್ವ ಬೈಯುತ್ತಾಳೆಂದು ಕಸ್ತೂರಿ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಯಂಕವ್ವ ಬಟ್ಟಲನ್ನು ಕೆಳಗಿಟ್ಟು, "ನೀವಿನ್ನ ಹೋಗ್ರಿ, ಅವ ಉಣ್ಣೂದ ಬಿಡ್ತಾನ" ಎಂದಳು.

ಅಂದು ಸಂಜೆ ಅಡುಗೆಮನೆಯಲ್ಲಿ ಸಹನಾ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕಸ್ತೂರಿ ಅವಳೆದುರು ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಇಂಡಿಕೇಟರು ಕಂಡದ್ದು, ಕಂಡೂ ಒತ್ತಿದ್ದು, ಮೂರು ನಿಮಿಷ ಕೈಯಲ್ಲಿದ್ದದ್ದು, ದನಿ ಕಡಿಮೆ ಮಾಡಿದ್ದು. ಸಹನಾಳ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಹಾಗೇ ಉಳಿಯಿತು.

"ಸಾಹೇಬ್ರಿಗೆ ಅಂಜಿ ಬಿಡಲಿಲ್ಲೇನು?" ಎಂದು ಕೇಳಿದಳು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅದು ಅರ್ಧ ನಿಜವೂ ಆಗಿತ್ತು. ಈ ಇಪ್ಪತ್ತೈದು ದಿನ ಕಸ್ತೂರಿ ತನಗೆ ತಾನೇ ಅದನ್ನೇ ಹೇಳಿಕೊಂಡಿದ್ದಳು.

"ಅಂಜಿಕಿ ಇತ್ತು," ಎಂದಳು. "ಆದ್ರ ಅದಷ್ಟ ಅಲ್ಲ. ಆ ಹುಡುಗಿ ರಿಜಿಸ್ಟ್ರಾರ್ ಆಫೀಸು ಅಂದ ಕೂಡ್ಲೇ ನನಗ ನಿನ್ನ ನೆನಪಾತು. ಮನ್ಯಾಗ ಯಾರಿಗೂ ಹೇಳದ ನೀ ಹಿಂಗ ಹೋಗಿದ್ರ ಅಂತ. ಒಂದ ಗಳಿಗಿ ಆಕಿ ಅಪ್ಪನ ಮ್ಯಾಲೆ ಕನಿಕರ ಬಂತು. ನಿಂದರ್ಲಿ, ಮನೀಗೆ ಹೋಗ್ಲಿ ಅಂತ ಅನಿಸ್ತು."

ಸಹನಾ ಕೈಯಲ್ಲಿದ್ದ ಕಡ್ಡಿಯನ್ನು ಬುಟ್ಟಿಗೆ ಹಾಕಿದಳು. "ಅಂದ್ರ ಆ ಗಾಡ್ಯಾಗ ನಾನ ಇದ್ದಿದ್ರೂ ನೀ ಬಿಡ್ತಿರಲಿಲ್ಲ."

"ನೀನ ಅಂತ ತಿಳಕೊಂಡದ್ದಕ್ಕ ಬಿಡಲಿಲ್ಲ."

ಮಗಳು ಸೊಪ್ಪಿನ ಬುಟ್ಟಿ ಸರಿಸಿ ಎದ್ದುಹೋದಳು. ಪಡಸಾಲೆಯಲ್ಲಿ ಏನೋ ಸದ್ದಾಯಿತು. ಕಸ್ತೂರಿ ಹೋಗಿ ನೋಡಿದಾಗ ಸಹನಾ ಕುರ್ಚಿಯ ಮೇಲೆ ನಿಂತು ಪ್ರಶಂಸಾಪತ್ರವನ್ನು ಗೋಡೆಯಿಂದ ಇಳಿಸುತ್ತಿದ್ದಳು. ಮೌನೇಶ ಏನಾಯಿತೆಂದು ಕೇಳಿದ. ಮಗಳು ಚೌಕಟ್ಟನ್ನು ಅಪ್ಪನ ಕೈಗೆ ಕೊಟ್ಟು ಒಳಗೆ ಹೋದಳು. ಆಮೇಲೆ ಹದಿನೈದು ದಿನ ಅವಳು ತಾಯಿಯ ಜೊತೆ ಕೂತು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರಿ ಮೇಜಿಗೆ ಹೋದವಳೇ ಹದಿನಾರನೇ ತಾರೀಖಿನ ದಾಖಲೆ ತೆಗೆದು "ಕಾಯ್ದಿರಿಸಿ" ಎಂದು ಗುರುತು ಹಾಕಿದಳು. ಕಾರಣ ಬರೆಯುವ ಜಾಗದಲ್ಲಿ ಬರೆದಳು: "ಅಪಹರಣ ಎಂದು ನಾನು ಆರಿಸಿದ್ದು ತಪ್ಪು. ವಾಹನ ಬಿಡುವ ಅಧಿಕಾರ ಮೂರು ನಿಮಿಷ ನನಗಿತ್ತು. ಬಿಡಲಿಲ್ಲ."

ಅರ್ಧ ಗಂಟೆಯೊಳಗೆ ಹಂಪಣ್ಣವರ ಅವಳನ್ನು ಒಳಗೆ ಕರೆದರು. ಸಿಟ್ಟಾಗಿರಲಿಲ್ಲ, ಕರುಣೆಯಿಂದಲೇ ಮಾತಾಡಿದರು.

"ಏನ್ ಮಾಡಿದ್ರಿ ಕಸ್ತೂರಿ ಇದು? ನಾ ಬಾಯಿಲೆ ಹೇಳೀನಿ, ಅದಕ್ಕ ಸಾಕ್ಷಿ ಇಲ್ಲ. ಒತ್ತಿದಾವ್ರು ನೀವು, ಕಾರಣ ಹಾಕಿದಾವ್ರು ನೀವು. ಮುಣಗೂದು ನೀವಾ."

"ಗೊತ್ತೈತ್ರಿ ಸರ."

"ಗೊತ್ತಿದ್ದ ಯಾಕ ಮಾಡಿದ್ರಿ?"

"ಕೇಳಸ್ತಿತ್ತೇನು ಅಂತ ಒಬ್ಬರು ಕೇಳಿದ್ರು, ಸರ. ಕೇಳಸ್ತಿತ್ತು ಅಂತ ಅವರಿಗೆ ಹೇಳೀನಿ. ಇನ್ನ ಉಳದಾವರಿಗೆ ಇಲ್ಲ ಅಂತ ಹೆಂಗ ಹೇಳಲಿ?"

ಅಂದೇ ಅವಳನ್ನು ಅಮಾನತು ಮಾಡಿದರು. ಎರಡು ವಾರದ ಮೇಲೆ ಹುಲಗೇಶನ ವಕೀಲರು ಕೋರ್ಟಿನ ಮುಂದೆ ಧ್ವನಿಯನ್ನು ತರಿಸುವಂತೆ ಕೇಳಿದಾಗ, ಕಸ್ತೂರಿ ತಾನಾಗಿಯೇ ಹೋಗಿ ಸಾಕ್ಷಿ ಹೇಳಿದಳು. ಇಪ್ಪತ್ತು ನಿಮಿಷದ ಧ್ವನಿಯನ್ನು ಪೂರ್ತಿ ಹಾಕಿದರು. ಅವಳು ಅದನ್ನು ಮೊದಲ ಬಾರಿಗೆ ಪೂರ್ತಿ ದನಿಯಲ್ಲಿ ಕೇಳಿದಳು. ಸಾಕ್ಷಿಕಟ್ಟೆಯ ಮರದ ಅಂಚನ್ನು ಹಿಡಿದು ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಮೌನೇಶ ಕೂತಿದ್ದ. ಅವನ ಪಕ್ಕ, ಕರೆಯದೆ ಬಂದ ಸಹನಾ ತಲೆ ತಗ್ಗಿಸಿ ಕೂತಿದ್ದಳು. ತನ್ನ ಕಾಕಾನ, ಅಂದರೆ ಗೌಡರ ತಮ್ಮನ, ಹೆಸರು ಹಿಡಿದು ಸುಮಂಗಲಾ ಕೂಗಿದ್ದು ಕೋರ್ಟಿಗೆಲ್ಲ ಕೇಳಿಸಿತು. ತಪ್ಪಿಸಿಕೊಳ್ಳಲು ಹೋಗಿ ಗಾಯ ಎಂಬ ಮಾತು ಅಲ್ಲಿಗೆ ಸತ್ತಿತು.

ನ್ಯಾಯಾಧೀಶೆ ಸುಮಂಗಲಾಳನ್ನು ಮರುದಿನವೇ ಹಾಜರುಪಡಿಸಲು ಹೇಳಿದರು. ಗೌಡರು ಕರೆತರಲೇಬೇಕಾಯಿತು. ಅವಳು ಬಹಳ ಇಳಿದುಹೋಗಿದ್ದಳು. ಎಲ್ಲಿಗೆ ಹೋಗಲು ಇಷ್ಟ ಎಂದು ಕೇಳಿದ್ದಕ್ಕೆ, ಅಪ್ಪನ ಕಡೆ ನೋಡದೆ, "ಹುಲಗೇಶನ ಅಕ್ಕನ ಮನೀಗೆ" ಎಂದಳು. ಅವಳ ಕಾಕಾನನ್ನೂ ಇನ್ನಿಬ್ಬರನ್ನೂ ಅಂದು ಸಂಜೆಯೇ ಬಂಧಿಸಿದರು. ಮಾಲೀಕರಿಗೆ ತಾನಾಗಿ ಸಂದೇಶ ಹೋಗುವುದನ್ನು ಇಲಾಖೆ ಆ ತಿಂಗಳೇ ನಿಲ್ಲಿಸಿತು. ಹಂಪಣ್ಣವರಿಗೆ ಬೇರೆ ಊರಿಗೆ ವರ್ಗವಾಯಿತು, ಅಷ್ಟೆ. ಕಸ್ತೂರಿಯ ವಿಚಾರಣೆ ಇನ್ನೂ ನಡೆಯಬೇಕಿತ್ತು.

ಸುಮಂಗಲಾ ಹಾಗೆ ಹೇಳಿಕೆ ಕೊಟ್ಟ ದಿನ ಕಸ್ತೂರಿ ಕೋರ್ಟಿನ ಹಜಾರದಲ್ಲಿ ಕಾಯುತ್ತಿದ್ದಳು. ಏನು ಹೇಳಬೇಕೆಂದು ಬೆಳಗಿನಿಂದ ಜೋಡಿಸಿಕೊಂಡಿದ್ದಳು. ಹುಡುಗಿ ಯಂಕವ್ವನ ಜೊತೆ ಹೊರಗೆ ಬಂದಾಗ ಜೋಡಿಸಿದ್ದೆಲ್ಲ ಮರೆತುಹೋಯಿತು.

"ನಾನು ಕಸ್ತೂರಿ ಅಂತ..." ಎಂದು ಶುರುಮಾಡಿದಳು.

ಸುಮಂಗಲಾ ದನಿ ಕೇಳಿ ತಡೆದು ನಿಂತಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಎದುರಿಗೆ ಕೂತ ಅಪರಿಚಿತರನ್ನು ನೋಡುವ ಹಾಗೆ ನೋಡಿದಳು.

"ನೀವು ಬಂದು ಹೇಳಿದ್ದಕ್ಕ ನಾ ಇವತ್ತ ಹೊರಗ ಬಂದೆ," ಎಂದಳು. "ವಕೀಲ್ರು ಹೇಳಿದ್ರು."

"ನಾ ಅವತ್ತ ಬಿಡಬೇಕಾಗಿತ್ತು. ತಪ್ಪಾತು. ಏನಾರ ನನ್ನಿಂದ ಆಗೂದಿದ್ರ..."

"ಹುಲಗೇಶಗ ಇನ್ನ ಕೈ ಎತ್ತಾಕ ಬರೂದಿಲ್ರಿ. ಉಣಸಬೇಕು, ಮಧ್ಯಾಹ್ನ ಆತು." ಅವಳು ಒಂದು ಹೆಜ್ಜೆ ಮುಂದಿಟ್ಟು ಮತ್ತೆ ನಿಂತಳು. "ಸ್ವಲ್ಪ ದಾರಿ ಬಿಡ್ರಿ."

ಆಗಷ್ಟೇ ಕಸ್ತೂರಿಗೆ ತಿಳಿಯಿತು, ತಾನು ಹೊರಬಾಗಿಲಿಗೆ ಅಡ್ಡಲಾಗಿ ನಿಂತಿದ್ದೇನೆಂದು. ಅವಳು ಗೋಡೆಗೆ ಒತ್ತಿಕೊಂಡು ಸರಿದು ನಿಂತಳು. ಇಬ್ಬರೂ ಅವಳನ್ನು ದಾಟಿ ಬಿಸಿಲಿಗೆ ಇಳಿದು ಹೋದರು.